ಟೇಪಿನ ಸೊನ್ನೆ ತುದಿ

ಕನಕಪುರದ ಕೋರ್ಟಿನ ಜಗಲಿಯ ಬೆಂಚಿನ ಮೇಲೆ ಕೂತ ಬೋರಲಿಂಗಯ್ಯನಿಗೆ ತನ್ನ ಬಲಗೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ. ತೊಡೆಯ ಮೇಲಿಟ್ಟರೆ ಬೇರೆ ಯಾರದೋ ಕೈ ಬಂದು ಕೂತಂತೆ ಭಾರವಾಗುತ್ತಿತ್ತು. ಜೇಬಿಗೆ ತುರುಕಿದರೆ ಸಮನ್ಸಿನ ಕಾಗದ ಬೆರಳಿಗೆ ತಾಗಿ ಸರಸರ ಅನ್ನುತ್ತಿತ್ತು. ಕೊನೆಗೆ ಎಡಗೈಯಲ್ಲಿ ಅದರ ಮಣಿಕಟ್ಟು ಹಿಡಿದು ಹೊಟ್ಟೆಗೆ ಒತ್ತಿಕೊಂಡ. ನೋಡಿದವರಿಗೆ ಹೊಟ್ಟೆನೋವಿನವನ ಹಾಗೆ ಕಾಣುತ್ತೇನೇನೋ ಅನ್ನಿಸಿ ಮತ್ತೆ ಬಿಟ್ಟ. ಎದುರಿನ ಕಂಬಕ್ಕೆ ಒರಗಿ ನಿಂತಿದ್ದ ಇದ್ರೀಸ್, ಇವತ್ತು ಒಳಗೆ ಆರೋಪಿಯಾಗಿ ನಿಲ್ಲಬೇಕಾದವನು, ಎಂಟು ವರ್ಷ ತಮ್ಮೂರಿನ ರೇಷ್ಮೆಗೂಡನ್ನು ಟೆಂಪೋದಲ್ಲಿ ರಾಮನಗರದ ಮಾರ್ಕೆಟ್ಟಿಗೆ ಸಾಗಿಸಿದವನು, ಮೊದಲಿನ ಹಾಗೇ "ಬೋರಣ್ಣ, ನಾಷ್ಟ ಆಯ್ತಾ?" ಅಂದ. ಬೋರಲಿಂಗಯ್ಯ "ಆಯ್ತಪ್ಪ" ಅಂದ. ಆಗಿರಲಿಲ್ಲ. ದಿನದ ಮೊದಲ ಸುಳ್ಳು ಇಷ್ಟು ಸಲೀಸಾಗಿ ಬಂತಲ್ಲ ಎಂದು ಅವನಿಗೆ ಹೆದರಿಕೆಯಾಯಿತು.

ಇವತ್ತು ಅವನು ಹೇಳಬೇಕಾಗಿದ್ದುದು ಬಹಳವೇನಲ್ಲ. ಎರಡು ವರ್ಷದ ಕೆಳಗೆ, ಎಂಬತ್ತಾರನೇ ಇಸವಿಯ ಜನವರಿಯಲ್ಲಿ, ಸಾತನೂರು ರಸ್ತೆಯ ಅವರೂರ ಗೇಟಿನಲ್ಲಿ ಇದ್ರೀಸನ ಟೆಂಪೋ ಬಡಿದು ದೊಡ್ಡಲಕ್ಷ್ಮಮ್ಮ ಸತ್ತಿದ್ದಳು. ಆವತ್ತು ಪೊಲೀಸರು ಬರೆದ ಮಹಜರಿನಲ್ಲಿ ಬ್ರೇಕಿನ ಗುರುತು ತೊಂಬತ್ತೆರಡು ಅಡಿ ಎಂದೂ 'ರಸ್ತೆಯು ಒಣಗಿದ್ದು ಶುಭ್ರವಾಗಿರುತ್ತದೆ' ಎಂದೂ ಇತ್ತು. ಕೆಳಗೆ ಪಂಚ ಸಾಕ್ಷಿ ಎಂದು ಅವನ ರುಜು. ಹೌದು ಸ್ವಾಮಿ, ಇದು ನನ್ನ ರುಜು. ಹೌದು ಸ್ವಾಮಿ, ನನ್ನ ಎದುರಿಗೇ ಅಳೆದರು. ಇಷ್ಟು ಹೇಳಿ ಇಳಿದು ಬಂದರೆ ಸಾಯಂಕಾಲ ಹಾಲು ಅಳೆಯುವ ಹೊತ್ತಿಗೆ ಊರು ಸೇರಬಹುದಿತ್ತು. ಇಷ್ಟು ಹೇಳಿದರೆ ಇದ್ರೀಸನಿಗೆ ಎರಡು ವರ್ಷ ಜೈಲು ಗ್ಯಾರಂಟಿ ಎಂದು ಅವನ ವಕೀಲ ಲಕ್ಷ್ಮಯ್ಯನವರೇ ಯಾರಿಗೋ ಹೇಳುತ್ತಿದ್ದುದು ಬೆಳಿಗ್ಗೆ ಬೋರಲಿಂಗಯ್ಯನ ಕಿವಿಗೆ ಬಿದ್ದಿತ್ತು. ಲೈಸೆನ್ಸ್ ಕೋರ್ಟಿನಲ್ಲಿ ಕೂತಾಗಿನಿಂದ ಇದ್ರೀಸ್ ಇನ್ನೊಬ್ಬರ ಲಾರಿಗೆ ಮೂಟೆ ಹೊರುತ್ತಿದ್ದಾನೆ. ಅವನ ಕತ್ತಿನ ಹಿಂದೆ ಚರ್ಮ ದಪ್ಪಗಟ್ಟಿ ಕಪ್ಪಗಾಗಿದ್ದನ್ನು ಬೋರಲಿಂಗಯ್ಯ ನೋಡಬಾರದೆಂದುಕೊಂಡೇ ನೋಡಿದ.

ಆವತ್ತು ರಸ್ತೆಯ ಮೇಲೆ ಹುರುಳಿ ಇತ್ತು ಎಂಬುದು ಇಡೀ ಊರಿಗೆ ಗೊತ್ತಿತ್ತು. ಆ ರಸ್ತೆಯುದ್ದಕ್ಕೂ ಸಂಕ್ರಾಂತಿಯ ಆಚೀಚೆ ಕಣ ಮಾಡುವವರು ಯಾರೂ ಇಲ್ಲ. ಸಗಣಿ ಸಾರಿಸಿ, ಎತ್ತು ಕಟ್ಟಿ, ಗುಂಡು ಸುತ್ತಿಸುವ ಕೆಲಸವನ್ನು ಡಾಂಬರು ಬಂದ ವರ್ಷವೇ ಬಿಟ್ಟಿದ್ದರು. ಇಬ್ಬನಿ ಆರಿದ ಮೇಲೆ ಬಳ್ಳಿಯನ್ನು ಅರ್ಧ ರಸ್ತೆಗೆ ಹಾಸಿಬಿಟ್ಟರೆ ಹೋಗುವ ಬರುವ ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಹೆಂಗಸರು ಕವೆಗೋಲು ಹಿಡಿದು ಆಗಾಗ ತಿರುವಿ ಹಾಕಬೇಕು, ಅಷ್ಟೆ. ಇವತ್ತು ಇವರ ಮನೆಯದಕ್ಕೆ ಅವರು ಬರುವುದು, ನಾಳೆ ಅವರ ಮನೆಯದಕ್ಕೆ ಇವರು ಹೋಗುವುದು, ಮುಯ್ಯಿ. ದೊಡ್ಡಲಕ್ಷ್ಮಮ್ಮ ಆವತ್ತು ಬಂದದ್ದು ಬೋರಲಿಂಗಯ್ಯನ ಮನೆಯ ಮುಯ್ಯಿಗೆ. ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಅವಳ ಮಗಳು ಮುನಿರತ್ನಮ್ಮ, ಪ್ರತಿ ವಾಯಿದೆಗೂ ತಪ್ಪದೆ ಕೋರ್ಟಿಗೆ ಬರುವವಳು, ಮುಂದಿನ ಸೀಟಿನಿಂದ ತಿರುಗಿ, "ಅಣ್ಣ, ಸರ್ಯಾಗ್ ಹೇಳಣ್ಣ. ಅವ್ವ ನಿಮ್ ಮನೆ ಕೆಲ್ಸುಕ್ಕೇ ಬಂದಿದ್ಲು, ಅದ ಮರೀಬ್ಯಾಡ," ಅಂದಿದ್ದಳು. ಸರಿಯಾಗಿ ಅಂದರೆ ಹೇಗೆ ಎಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಹುರುಳಿಯ ಮಾತು ಕೋರ್ಟಿನಲ್ಲಿ ಎದ್ದರೆ ರಸ್ತೆಗೆ ಹಾಸಿದವರ ಮೇಲೇ ಕೇಸು ಬರುತ್ತದೆ, ನಾಳೆಯಿಂದ ಯಾರೂ ಒಂದು ಕಂತೆ ಹಾಕುವ ಹಾಗಿಲ್ಲ ಎಂದು ಊರ ಹಿರಿಯರು ಆಗಲೇ ಮಾತಾಡಿ ಮುಗಿಸಿದ್ದರು. ಇಡೀ ಊರಿಗೆ ಗೊತ್ತಿದ್ದ ಸಂಗತಿಯನ್ನು ಇಡೀ ಊರು ಸೇರಿ ಬಚ್ಚಿಡುವುದು ಎಷ್ಟು ಸುಲಭ. ಊರಲ್ಲಿ ಒಬ್ಬನಿಗೆ ಮಾತ್ರ ಗೊತ್ತಿದ್ದುದನ್ನು ಬಚ್ಚಿಡುವುದಕ್ಕೆ ದಿನಾ ರಟ್ಟೆ ಬೀಳಬೇಕು.

ಒಳಗಿನಿಂದ ಬ್ರೇಕ್ ಇನ್ಸ್‌ಪೆಕ್ಟರರ ದನಿ ಕೇಳಿಸಿತು. ಅವರಿಗೆ ಮಧ್ಯಾಹ್ನ ಮಾಗಡಿಯಲ್ಲಿ ಇನ್ನೊಂದು ಕೇಸಂತೆ, ಅದಕ್ಕೆ ಅವರನ್ನೇ ಮೊದಲು ಕರೆದಿದ್ದರು. ಬೋರಲಿಂಗಯ್ಯ ಎದ್ದು ಕಿಟಕಿಯ ಪಕ್ಕಕ್ಕೆ ಬಂದು ಸುಣ್ಣದ ಗೋಡೆಗೆ ಬೆನ್ನು ಕೊಟ್ಟು ನಿಂತ. ಇನ್ಸ್‌ಪೆಕ್ಟರರು ಸಣ್ಣ ಮಕ್ಕಳಿಗೆ ಹೇಳಿಕೊಡುವ ಹಾಗೆ ನಿಧಾನವಾಗಿ ಹೇಳುತ್ತಿದ್ದರು: ಡ್ರೈವರು ಬ್ರೇಕು ತುಳಿದ ಮೇಲೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ, ಟೈರು ಡಾಂಬರನ್ನು ಉಜ್ಜುತ್ತಾ ಹೋಗುತ್ತದೆ, ಎಷ್ಟು ದೂರ ಉಜ್ಜಿದೆ ಎಂಬುದರ ಮೇಲೆ ಎಷ್ಟು ವೇಗದಲ್ಲಿ ಬಂದ ಎಂದು ಲೆಕ್ಕ ಹಾಕಬಹುದು. ಬ್ರೇಕು ಚೆನ್ನಾಗಿತ್ತು, ನಾನೇ ಪರೀಕ್ಷೆ ಮಾಡಿದ್ದೇನೆ. ತೊಂಬತ್ತೆರಡು ಅಡಿ ಅಂದರೆ, ಒಣ ರಸ್ತೆಯಲ್ಲಿ, ಗಂಟೆಗೆ ಎಪ್ಪತ್ತು ಕಿಲೋಮೀಟರಿಗೆ ಕಡಿಮೆ ಇಲ್ಲ. ಊರಿನ ಗೇಟಿನಲ್ಲಿ ಎಪ್ಪತ್ತು. ಟೈಪು ಮಾಡುವವನ ಟಕಟಕ ನಿಂತ ಮೇಲೆ ಲಕ್ಷ್ಮಯ್ಯನವರು ಎದ್ದರು. ರಸ್ತೆಯ ಮೇಲೆ ಕಾಳು, ಹುಲ್ಲು, ಇಂಥದ್ದು ಇದ್ದಿದ್ದರೆ? ಇನ್ಸ್‌ಪೆಕ್ಟರರು, ಇದ್ದಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ, ಕಾಳಿನ ಮೇಲೆ ಟೈರಿಗೆ ಹಿಡಿತವೇ ಸಿಕ್ಕುವುದಿಲ್ಲ, ನಲವತ್ತೈದರಲ್ಲಿ ಬಂದವನೂ ಅಷ್ಟು ದೂರ ಜಾರಬಹುದು ಅಂದರು. "ಆದರೆ ನಾನು ನೋಡಿದ್ದು ಮಹಜರು. ಅದರಲ್ಲಿ ರಸ್ತೆ ಶುಭ್ರ ಅಂತ ಇದೆ. ಪಂಚರು ರುಜು ಹಾಕಿದ್ದಾರೆ."

ನಲವತ್ತೈದು. ಇದ್ರೀಸ್ ಆವತ್ತಿನಿಂದ ಹೇಳುತ್ತಿದ್ದುದೂ ಅದೇ. ಬೋರಲಿಂಗಯ್ಯನಿಗೆ ಮಗಳ ನೆನಪಾಯಿತು. ಈ ವರ್ಷ ಎಸ್ಸೆಸ್ಸೆಲ್ಸಿ. ಹದಿನೈದು ದಿನದ ಕೆಳಗೆ ಬೆಳಿಗ್ಗೆ ಅವನು ಹಾಲಿನ ಡೇರಿಗೆ ಹೊರಡುವಾಗ ಅವಳು ನಡುಮನೆಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದಳು. ಘರ್ಷಣೆ ಎಂದರೆ ಎರಡು ಮೇಲ್ಮೈಗಳ ನಡುವಿನ ಪ್ರತಿರೋಧ. ಘರ್ಷಣೆ ಇಲ್ಲದಿದ್ದರೆ ನಾವು ನಡೆಯಲಾರೆವು. ಅಪ್ಪ, ನೋಡಪ್ಪ, ಕಾಳು ಚೆಲ್ಲಿದ ನೆಲದ ಮೇಲೆ ನಾವು ಜಾರುವುದು ಯಾಕೆ ಗೊತ್ತಾ? ಅವನು ಚಪ್ಪಲಿ ಹಾಕಿಕೊಳ್ಳದೆ ಹೊರಗೆ ಬಂದುಬಿಟ್ಟಿದ್ದ. ಆವತ್ತು ಡೇರಿಯಲ್ಲಿ ಒಬ್ಬ ಮುದುಕಿಯ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು, ಕಡ್ಡಿ ಕುಣಿದು ನಿಲ್ಲುವವರೆಗೂ ಕಾದು, ಇಪ್ಪತ್ತೈದು ಎಂದು ಬರೆದಾಗ ಅವಳು, "ಒಸಿ ಮ್ಯಾಕ್ ಹಾಕಪ್ಪ, ನೀನೇನ್ ನಿನ್ ಗಂಟಿಂದ ಕೊಟ್ಟೀಯಾ," ಎಂದು ಗೋಗರೆದಿದ್ದಳು. ಅವನು ಹಾಕಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ಗೀಟು ಮೇಲೆ ಕೆಳಗೆ ಹಾಕಿದವನಲ್ಲ ಎಂಬುದು ಸುತ್ತಮುತ್ತ ಅವನಿಗಿದ್ದ ಹೆಸರು. ಅಪಘಾತದ ದಿನ ಅಳತೆಗೆ ಹೆಡ್ ಕಾನ್‌ಸ್ಟೇಬಲ್ ಅವನನ್ನೇ ಕರೆದದ್ದೂ ಅದಕ್ಕೇ. "ನೀವು ಹಾಲಿನ ಸೊಸೈಟಿ ಸೆಕ್ರೆಟ್ರಿ ಅಲ್ವಾ, ಅಳತೆ ಗೊತ್ತಿರೋರು. ತಗಳಿ, ಗುರುತು ಸುರುವಾಗೋ ಕಡೆ ಹಿಡ್ಕಳಿ," ಎಂದು ಟೇಪಿನ ತುದಿಯ ಹಿತ್ತಾಳೆ ಉಂಗುರವನ್ನು ಕೈಗೆ ಕೊಟ್ಟಿದ್ದ. ಬೋರಲಿಂಗಯ್ಯ ಕುಕ್ಕರಗಾಲಲ್ಲಿ ಕೂತ. ಎರಡು ಕರಿ ಪಟ್ಟೆ, ಅದರೊಳಗೆ ಹಸಿರು ಬೆರೆತದ್ದು ಅವನಿಗೆ ಮಾತ್ರ ಕಾಣುವ ಹಾಗೆ. ಅರೆಹಸಿ ಬಳ್ಳಿಯ ರಸ. ಹುಣಸೆಮರದ ನೆರಳು ರಸ್ತೆಗೆ ಬೀಳುವ ಕಡೆ, ಕಂತೆ ಬಿಚ್ಚಿ ತಾನೇ ಮೊದಲು ಹಾಸಿದ ಜಾಗ, ಅದೇ ಸೊನ್ನೆ. ಉಂಗುರವನ್ನು ಅಲ್ಲಿ ಒತ್ತಿ ಹಿಡಿದ. ಟೇಪು ಎಳೆದುಕೊಳ್ಳುತ್ತಾ ಹೋಯಿತು. ಹೆಬ್ಬೆರಳಿನ ಹತ್ತಿರ, ಡಾಂಬರಿನ ಸೀಳಿನಲ್ಲಿ, ಒಂದು ಹುರುಳಿ ಕಾಳು ಸಿಕ್ಕಿಕೊಂಡಿತ್ತು. ಆ ಕಡೆಯಿಂದ "ತೊಂಬತ್ತೆರಡು!" ಎಂದು ಕೂಗಿದಾಗ ಅವನು ಕಾಲು ಜರುಗಿಸಿ ಕಾಳಿನ ಮೇಲೆ ಹಿಮ್ಮಡಿ ಇಟ್ಟುಕೊಂಡ.

ಅದಕ್ಕೆ ಮುಂಚಿನದು ಇನ್ನೂ ನಾಚಿಕೆಯದು. ಇದ್ರೀಸ್ ಗೂಡಿನ ಬುಟ್ಟಿಗಳನ್ನೆಲ್ಲ ರಸ್ತೆ ಬದಿಗೆ ಎಸೆದು, ದೊಡ್ಡಲಕ್ಷ್ಮಮ್ಮನನ್ನು ಒಬ್ಬನೇ ಎತ್ತಿ ಹಿಂದೆ ಮಲಗಿಸಿ, ಅಳುತ್ತಾ ಕನಕಪುರದ ಆಸ್ಪತ್ರೆಯ ಕಡೆಗೆ ಗಾಡಿ ಬಿಟ್ಟಿದ್ದ. ಬಿಳಿಯ ಗೂಡುಗಳು ಉರುಳಿ ಚರಂಡಿಯ ತನಕ ಹೋಗಿದ್ದವು. ಗಾಡಿ ತಿರುವು ದಾಟಿರಲಿಲ್ಲ, ಅಷ್ಟರಲ್ಲಿ ಹೆಂಡತಿ ಕೆಂಚಮ್ಮ, "ಪೋಲೀಸ್ನೋರು ಬರೋದ್ರೊಳ್ಗೆ ಎತ್ಬುಡಾನ, ನೋಡ್ತಾ ನಿಂತ್ಕಬ್ಯಾಡ," ಅಂದಳು. ಒಂದು ಹೊತ್ತಿನ ಕೆಲಸವನ್ನು ಇಬ್ಬರೂ ಕಾಲು ಗಂಟೆಯಲ್ಲಿ ಮಾಡಿ ಮುಗಿಸಿದ್ದರು. ಟಾರ್ಪಾಲಿಗೆ ಎಳೆದು ಹಿತ್ತಲಿಗೆ ತಂದು ಸುರಿದು, ಮತ್ತೆ ಹೋಗಿ ಪೊರಕೆಯಲ್ಲಿ ಗುಡಿಸಿ, ನೀರು ಹಾಕಬೇಕಾದಲ್ಲಿ ನೀರು ಹಾಕಿ. ಪೊಲೀಸರು ಬರುವಷ್ಟರಲ್ಲಿ ಅದೂ ಒಣಗಿತ್ತು. ಅವನ ಹಣೆಯಲ್ಲಿ ಬೆವರಿತ್ತು, ಕೆಲಸ ಚೊಕ್ಕವಾಗಿ ಆಯಿತು ಎಂಬ ತೃಪ್ತಿ ಕೂಡ ಒಂದು ಗಳಿಗೆ ಇತ್ತು. ಆ ಹುರುಳಿ ಇವತ್ತಿಗೂ ಅಟ್ಟದ ಮೂಲೆಯಲ್ಲಿ ಒಂದು ಚೀಲದಲ್ಲಿದೆ. ಬೇಯಿಸಲೂ ಇಲ್ಲ, ಮಾರಲೂ ಇಲ್ಲ, ಬಿತ್ತಲೂ ಇಲ್ಲ. ಅದರ ವಿಷಯ ಗಂಡ ಹೆಂಡತಿ ಒಂದು ಮಾತೂ ಆಡಿಲ್ಲ. ಹುಳ ಹಿಡಿದು ಹಿಟ್ಟು ಉದುರುತ್ತದೆ; ಕೆಂಚಮ್ಮ ದಿನಾ ಬೆಳಿಗ್ಗೆ ಆ ಹಿಟ್ಟನ್ನು ಗುಡಿಸಿ ಹೊರಗೆ ಹಾಕುತ್ತಾಳೆ.

ದಫೇದಾರ ಅವನ ಹೆಸರನ್ನು ಮೂರು ಸಲ ಕೂಗಿದ. ಮೂರನೇ ಸಲ ಕೂಗುವಾಗ ಅವನು ದಫೇದಾರನ ಎದುರಿಗೇ ನಿಂತಿದ್ದ. "ಕಿವಿ ಕೇಳ್ಸಲ್ವೇನ್ರೀ? ಚಪ್ಪಲಿ ಬಿಟ್ಟು ಹೋಗಿ," ಅಂದ. ಬೇರೆ ಯಾರೂ ಬಿಟ್ಟಿರಲಿಲ್ಲ. ಸಾಕ್ಷಿಯ ಕಟಕಟೆಯ ಮರದ ಕಟಾಂಜನ ಎಷ್ಟೋ ಅಂಗೈಗಳ ಜಿಡ್ಡಿಗೆ ನುಣುಪಾಗಿತ್ತು. ಮ್ಯಾಜಿಸ್ಟ್ರೇಟರು ಚಿಕ್ಕ ವಯಸ್ಸಿನವರು, ನೆಗಡಿಯಾದವರ ಹಾಗೆ ಕರ್ಚೀಫು ಹಿಡಿದು ಕೂತಿದ್ದರು. ಪ್ರಮಾಣ ಮಾಡಿಸಿದ ಮೇಲೆ ಸರ್ಕಾರಿ ವಕೀಲರು ಕಾಗದ ತೋರಿಸಿ ಕೇಳಿದರು. ನಿಮ್ಮ ರುಜುವಾ? ಹೌದು ಸ್ವಾಮಿ. ನಿಮ್ಮ ಎದುರಿಗೇ ಅಳೆದರಾ? ಟೇಪು ನಾನೇ ಹಿಡಿದಿದ್ದೆ ಸ್ವಾಮಿ. ಎಷ್ಟು? ತೊಂಬತ್ತೆರಡು. ಗುರುತು ರಸ್ತೆಯ ಬಲಗಡೆಗಿತ್ತಾ, ಅಂದರೆ ಟೆಂಪೋ ತನ್ನ ದಾರಿ ಬಿಟ್ಟು ಬಲಕ್ಕೆ ಬಂದಿತ್ತಾ? ಬಂದಿತ್ತು ಸ್ವಾಮಿ. ವೇಗಕ್ಕೆ ಹತೋಟಿ ತಪ್ಪಿ ಬಲಕ್ಕೆ ಹೋಗಿದೆ ಎಂದು ಸರ್ಕಾರಿ ವಕೀಲರು ಯಾರಿಗೂ ಅಲ್ಲದಂತೆ ಹೇಳಿ ಕೂತರು. ಇಷ್ಟೇ. ಇಳಿದುಬಿಡಬಹುದು ಅನ್ನಿಸಿ ಒಂದು ಕಾಲು ಮೆಟ್ಟಿಲಿಗೆ ಇಟ್ಟೂಬಿಟ್ಟಿದ್ದ. "ನಿಂತ್ಕಳ್ರೀ, ಅವಸರ ಏನು?" ಎಂದು ಯಾರೋ ಗದರಿದರು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.

ಲಕ್ಷ್ಮಯ್ಯನವರು ಪ್ರಶ್ನೆ ಕೇಳಲಿಲ್ಲ. ಮಹಜರನ್ನು ಅವನ ಕೈಗೆ ಕೊಟ್ಟು, "ಇಲ್ಲಿಂದ ಒಂದು ಸಾಲು ಓದಿ ಯಜಮಾನ್ರೆ, ಗಟ್ಟಿಯಾಗಿ," ಅಂದರು. ಅವನು ಕನ್ನಡಕ ಹುಡುಕಿ ಹಾಕಿಕೊಂಡ. ರಸ್ತೆಯು ಒಣಗಿದ್ದು, ಎಂದು ಓದಿದ. ಮುಂದಿನ ಪದ ಕಣ್ಣಿಗೆ ಕಂಡಿತು, ನಾಲಿಗೆಗೆ ಬರಲಿಲ್ಲ. ಶುಭ್ರ. ಕೆಂಚಮ್ಮನ ಪೊರಕೆ ಡಾಂಬರನ್ನು ಕೆರೆಯುವ ಸದ್ದು ಕೇಳಿಸಿತು. ಹಿಮ್ಮಡಿಯ ಕೆಳಗಿನ ಕಾಳು ಒತ್ತಿದ ಹಾಗಾಗಿ ಅವನು ಬರಿಗಾಲನ್ನು ಎತ್ತಿ ಇನ್ನೊಂದು ಕಾಲಿನ ಮೇಲಿಟ್ಟುಕೊಂಡ. "ಶುಭ್ರವಾಗಿರುತ್ತದೆ," ಎಂದು ಲಕ್ಷ್ಮಯ್ಯನವರೇ ಓದಿ ಮುಗಿಸಿದರು. "ನಿಜವಾ?"

"ನಿಜ ಸ್ವಾಮಿ," ಅಂದ ಬೋರಲಿಂಗಯ್ಯ. "ನಾವೇ ಗುಡಿಸಿದ್ವಲ್ಲ, ಅದುಕ್ಕೇ ಶುಭ್ರ ಇತ್ತು."

ಟೈಪಿನ ಸದ್ದು ನಿಂತಿತು. ಮ್ಯಾಜಿಸ್ಟ್ರೇಟರು ಕರ್ಚೀಫು ಇಳಿಸಿದರು. ಏನು ಗುಡಿಸಿದಿರಿ? ಹುಳ್ಳಿ ಸ್ವಾಮಿ. ಯಾರದು? ನಂದೇ. ಎಷ್ಟುದ್ದಕ್ಕೆ ಹಾಕಿದ್ದಿರಿ? ಆ ಗುರುತಿನಷ್ಟೇ ಸ್ವಾಮಿ, ಇನ್ನೊಂದು ಮಾರು ಜಾಸ್ತಿ ಇದ್ದೀತು. ಹೇಳುತ್ತಾ ಹೇಳುತ್ತಾ ಅವನಿಗೆ ಎದೆ ಹಗುರಾಗುವ ಬದಲು ಒಂದು ವಿಚಿತ್ರವಾದ ಚುರುಕು ಬಂತು, ಲೆಕ್ಕ ಒಪ್ಪಿಸುವವನ ಚುರುಕು. ಕೇಳಿದ್ದಕ್ಕಿಂತ ಹೆಚ್ಚು ಹೇಳಿದ. ಮ್ಯಾಜಿಸ್ಟ್ರೇಟರು ಅವನ ಮಾತನ್ನು ಬಿಡಿಸಿ ಜೋಡಿಸಿ ಬರೆಸುತ್ತಿದ್ದರು: ಅಪಘಾತದ ಸಮಯದಲ್ಲಿ ರಸ್ತೆಯ ಮೇಲೆ ಹುರುಳಿ ಹರಡಿದ್ದು, ಪೊಲೀಸರು ಬರುವ ಮುನ್ನ ತಾನೂ ತನ್ನ ಹೆಂಡತಿಯೂ ತೆಗೆದಿದ್ದು ನಿಜ. ಹೆಂಡತಿಯೂ ಎಂಬುದನ್ನು ನಾನು ಹೇಳಿದ್ದೆನೇ? 'ನಾವು' ಅಂದಿದ್ದೆ. ಇದ್ರೀಸ್ ಆರೋಪಿಯ ಜಾಗದಲ್ಲಿ ತಲೆ ತಗ್ಗಿಸಿ ನಿಂತಿದ್ದ. ಕೊನೆಯ ಬೆಂಚಿನಲ್ಲಿ ಮುನಿರತ್ನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಆಮೇಲೆ ಸರ್ಕಾರಿ ವಕೀಲರು ಮತ್ತೆ ಎದ್ದರು. ಸಾಕ್ಷಿ ತಿರುಗಿಬಿದ್ದಿದ್ದಾನೆ, ಪಾಟೀಸವಾಲಿಗೆ ಅಪ್ಪಣೆ ಬೇಕು ಅಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಊಟದ ಮುಂಚೆ ಕೈ ತೊಳೆಯುವವರ ಹಾಗೆ ಒಂದು ಅಂಗೈಯನ್ನು ಇನ್ನೊಂದಕ್ಕೆ ಉಜ್ಜಿಕೊಳ್ಳುತ್ತಿದ್ದರು. "ಡ್ರೈವರ್ ಕಡೆಯೋರು ನಿಮ್ಮನ್ನ ಯಾವಾಗ ನೋಡಿದ್ರು?" "ಇಲ್ಲ ಸ್ವಾಮಿ." "ಇರಲಿ. ಹುರುಳಿ ಇತ್ತು ಅಂತೀರಿ. ರಸ್ತೆ ಪೂರ್ತಿ ಹಾಕಿದ್ರಾ?" "ಇಲ್ಲ ಸ್ವಾಮಿ. ಬಲಗಡೆ ಅರ್ಧ." "ಟೆಂಪೋ ಬರ್ತಿದ್ದ ಎಡಗಡೆ ಅರ್ಧ?" "ಖಾಲಿ ಇತ್ತು." "ಪೂರ್ತಿ ಖಾಲಿ?" "ಪೂರ್ತಿ ಖಾಲಿ ಸ್ವಾಮಿ." ಸರ್ಕಾರಿ ವಕೀಲರು ಮ್ಯಾಜಿಸ್ಟ್ರೇಟರ ಕಡೆಗೊಮ್ಮೆ ನೋಡಿ ಬೋರಲಿಂಗಯ್ಯನನ್ನು ನಿಧಾನವಾಗಿ ಕೇಳಿದರು, "ಹಾಗಾದ್ರೆ ವೇಗದಿಂದ ಹತೋಟಿ ತಪ್ಪಿದ್ದಲ್ಲ. ಖಾಲಿ ಇದ್ದ ತನ್ನ ದಾರಿ ಬಿಟ್ಟು, ಹೆಂಗಸರು ಕೆಲಸ ಮಾಡ್ತಿದ್ದ ಕಡೆಗೆ, ಜಾರುತ್ತೆ ಅಂತ ಗೊತ್ತಿದ್ದೂ ಗೊತ್ತಿದ್ದೂ ಆರೋಪಿ ಗಾಡಿ ತಿರುಗಿಸಿದ್ದಾನೆ. ಯಾಕೆ ತಿರುಗಿಸಿದ, ನೀವು ಅಲ್ಲೇ ಇದ್ರಲ್ಲ, ಹೇಳಿ."

ಬೋರಲಿಂಗಯ್ಯನ ಬಲಗೈ ಕಟಾಂಜನದ ಮೇಲಿತ್ತು. ಅವನು ಅದನ್ನು ನೋಡಿದ. ಗೋಡೆಯ ಗಡಿಯಾರದಲ್ಲಿ ಎರಡು ಹೊಡೆಯಿತು. ಮ್ಯಾಜಿಸ್ಟ್ರೇಟರು ಸೀನಿ, ಮೂಗೊರೆಸಿಕೊಂಡು, ಊಟ ಆದಮೇಲೆ ಮುಂದುವರಿಸೋಣ ಅಂದರು.

ಆವರಣದ ಹೊಂಗೆಮರದ ಕಟ್ಟೆಯ ಮೇಲೆ ಕೂತು ಅವನು ಕೆಂಚಮ್ಮ ಕಟ್ಟಿಕೊಟ್ಟಿದ್ದ ರಾಗಿ ರೊಟ್ಟಿಯ ಗಂಟನ್ನು ಬಿಚ್ಚಿ ಹಾಗೇ ಇಟ್ಟುಕೊಂಡಿದ್ದ. ಅರ್ಧ ನಿಜ ಹೇಳಿದರೆ ಅರ್ಧ ಉಳಿಯುತ್ತದೆ ಎಂದು ಎಣಿಸಿದ್ದ. ಅದು ಈಗ ಇದ್ರೀಸನ ಕೊರಳಿಗೆ ಮೊದಲಿಗಿಂತ ಬಿಗಿಯಾಗಿ ಸುತ್ತಿಕೊಂಡಿತ್ತು. ಮೊದಲು ಅವನು ಜೋರಾಗಿ ಬಂದವನು ಮಾತ್ರ. ಈಗ ಬೇಕೆಂದೇ ಬಂದವನು. ಇದ್ರೀಸ್ ಟಿಫನ್ ಬಾಕ್ಸ್ ಹಿಡಿದು ಬಂದು ಎರಡು ಮೊಳ ದೂರದಲ್ಲಿ ಕೂತ. "ಸಾಬಿರಾ ಚಪಾತಿ ಕೊಟ್ಟವ್ಳೆ, ಒಂದ್ ತಗೋ ಬೋರಣ್ಣ," ಅಂದ. ಬೋರಲಿಂಗಯ್ಯ ಸುತ್ತ ನೋಡಿ, ತುಟಿ ಅಲುಗಿಸದೆ ಕೇಳಿದ, "ಅವತ್ತು ನಾನು... ನಿನ್ ವಕೀಲ್ರಿಗೆ ಹೇಳಿದ್ದೀಯೇನಪ್ಪಾ?"

"ಏನು, ಕೈ ಬೀಸಿದ್ದಾ?"

ಎರಡು ವರ್ಷದಲ್ಲಿ ಆ ಮಾತನ್ನು ಮೊದಲ ಸಲ ಇನ್ನೊಬ್ಬರ ಬಾಯಲ್ಲಿ ಕೇಳಿ ಅವನಿಗೆ ಬೆತ್ತಲೆ ನಿಂತ ಹಾಗಾಯಿತು. ಪ್ರತಿ ವರ್ಷದ ರೂಢಿ ಅದು. ಗೇಟಿಗೆ ಬಂದ ಗಾಡಿಗಳಿಗೆಲ್ಲ ಕೈ ಮಾಡಿ ಬಳ್ಳಿಯ ಮೇಲೆ ಹತ್ತಿಸಿಕೊಳ್ಳುವುದು. ಕೆಲವರು ಬೈದುಕೊಂಡು ಪಕ್ಕದಲ್ಲಿ ಹೋಗುತ್ತಿದ್ದರು. ಇದ್ರೀಸ್ ಮಾತ್ರ ಎಷ್ಟೇ ಅವಸರವಿದ್ದರೂ ಹತ್ತಿಸುತ್ತಿದ್ದ. ಮಾರ್ಕೆಟ್ಟಿನಿಂದ ಖಾಲಿ ಗಾಡಿ ವಾಪಸು ಬರುವಾಗ ಹೋಗಿ ತಿರುಗಿಸಿಕೊಂಡು ಇನ್ನೆರಡು ಸಲ ತುಳಿಸಿ, "ಅಕ್ಕ, ಹುಳ್ಳಿ ಸಾರು ರೆಡಿ ಮಾಡಕ್ಕ," ಎಂದು ಕೆಂಚಮ್ಮನನ್ನು ರೇಗಿಸಿ ಹೋಗುತ್ತಿದ್ದ. ಆವತ್ತು ಮಾತ್ರ ಅವನು ಕುಲುಕಿದರೆ ಗೂಡು ಕೆಡುತ್ತದೆ ಎಂದು ತನ್ನ ಎಡಕ್ಕೇ ನೆಟ್ಟಗೆ ಬರುತ್ತಿದ್ದ. ಬೋರಲಿಂಗಯ್ಯ ಹುಣಸೆಮರದ ಕೆಳಗೆ ನಿಂತು, ಹಕ್ಕಿನವನ ಹಾಗೆ, ಬಾ ಬಾ, ಮ್ಯಾಕೆ ಹತ್ತಿಸು ಎಂದು ಬಲಗೈ ಎತ್ತಿ ಬೀಸಿದ್ದ. ಬೀಸುವ ಮುಂಚೆ ಒಂದು ಸಲ ಹಿಂದೆ ತಿರುಗಿ ನೋಡಿದ್ದರೆ, ಒಂದು ಕಿವಿ ಕೇಳದ ದೊಡ್ಡಲಕ್ಷ್ಮಮ್ಮ ಕವೆಗೋಲು ಹಿಡಿದು ಆ ತುದಿಯಲ್ಲಿ ಬೆನ್ನು ಮಾಡಿಕೊಂಡು ಬಳ್ಳಿಯ ಮೇಲೆ ಹೆಜ್ಜೆ ಇಡುತ್ತಿದ್ದುದು ಕಾಣುತ್ತಿತ್ತು. ಕೆಂಚಮ್ಮ ಆಗ ಕಂತೆ ಬಿಚ್ಚುತ್ತಿದ್ದಳು. ಅವಳು ಕೈ ನೋಡಿದಳೋ ಇಲ್ಲವೋ ಇವತ್ತಿಗೂ ಅವನಿಗೆ ಗೊತ್ತಿಲ್ಲ. ಊಟಕ್ಕೆ ಬಡಿಸುವಾಗ ಅವಳು ಬಲಗೈಯನ್ನೇ ನೋಡುತ್ತಾಳೆ ಎಂದು ಎಷ್ಟೋ ಸಲ ಅನ್ನಿಸಿದೆ. ಊಟ ಮಾಡುವ ಕೈಯನ್ನು ಬಡಿಸುವವರು ನೋಡದೆ ಇನ್ನೇನು ನೋಡುತ್ತಾರೆ ಎಂದು ತನಗೇ ಸಮಾಧಾನ ಹೇಳಿಕೊಂಡಿದ್ದಾನೆ.

"ಯಾಕೋ ಹೇಳ್ನಿಲ್ಲ?" ಅಂದ.

ಇದ್ರೀಸ್ ಚಪಾತಿಯನ್ನು ಎರಡಾಗಿ ಹರಿದ. "ಸ್ಟೇರಿಂಗ್ ನನ್ ಕೈಲಿತ್ತು ಬೋರಣ್ಣ. ಕರ್ದೋರ ಕಡೇಗೆಲ್ಲ ಗಾಡಿ ತಿರುಗ್ಸೋನು ಯಾವ್ ಸೀಮೆ ಡ್ರೈವರಯ್ಯ ಅಂತ ಜಡ್ಜು 'ಥೂ' ಅಂತಾರೆ. ಏನ್ ಹೇಳ್ಲಿ? ಅವ್ರ ಮನೆ ಹುಳ್ಳಿ ಸಾರು ಚೆನ್ನಾಗಿರ್ತದೆ ಅಂತ ಹೇಳ್ಲಾ?" ಎಂದು ನಗಲು ನೋಡಿದ. ನಗು ಪೂರ್ತಿ ಬರಲಿಲ್ಲ. "ಒಂದ್ ಸಲ ನೀನೇ ಹೇಳ್ತೀಯ ಅಂದ್ಕಂಡಿದ್ದೆ. ಮೊದ್ಲ್ ವಾಯಿದೆಗೆ. ಆಮೇಲೆ ಅಂದ್ಕಳೋದ್ ಬಿಟ್ಬಿಟ್ಟೆ."

ಪೊಲೀಸಿನವನೊಬ್ಬ ದೂರದಿಂದಲೇ ಲಾಠಿ ತೋರಿಸಿ, "ಏಯ್, ಸಾಕ್ಷಿ ಹತ್ರ ಏನಯ್ಯ ನಿಂದು? ಏಳು, ಆ ಕಡೆ ಹೋಗು," ಎಂದು ಕೂಗಿದ. ಇದ್ರೀಸ್ ಎದ್ದು ಹೋದ. ಅರ್ಧ ಚಪಾತಿ ಕಟ್ಟೆಯ ಮೇಲೆ ಇತ್ತು. ಬೋರಲಿಂಗಯ್ಯ ಅದನ್ನು ತಿನ್ನಲೂ ಆರದೆ, ಬಿಡಲೂ ಆರದೆ, ರೊಟ್ಟಿಯ ಗಂಟಿನೊಳಗೆ ಸೇರಿಸಿ ಕಟ್ಟಿದ. ಮಗಳು ನೆನಪಾದಳು. ನಾಳೆ ಸ್ಕೂಲಿನಲ್ಲಿ ಅವಳನ್ನು ಯಾರೋ ಕೇಳುತ್ತಾರೆ, ನಿಮ್ಮಪ್ಪನೇ ಕರೆದದ್ದಂತೆ, ಹೌದಾ? ದೊಡ್ಡಲಕ್ಷ್ಮಮ್ಮನ ಮನೆಗೂ ತಮ್ಮ ಮನೆಗೂ ನಡುವೆ ಇರುವುದು ಒಂದು ಗೋಡೆ. ಆ ಕಡೆ ಕೆಮ್ಮಿದರೆ ಈ ಕಡೆ ಕೇಳಿಸುತ್ತದೆ. ಸುಮ್ಮನೆ, ಗೊತ್ತಿಲ್ಲ ಸ್ವಾಮಿ ಅಂದರೆ? ಡ್ರೈವರ್ ಯಾಕೆ ತಿರುಗಿಸಿದನೋ ನನಗೇನು ಗೊತ್ತು ಸ್ವಾಮಿ? ಯಾರೂ ಅವನನ್ನು ಸುಳ್ಳುಗಾರ ಅನ್ನುವ ಹಾಗಿಲ್ಲ. ಇನ್ನೊಬ್ಬರ ಮನಸ್ಸು ಯಾರಿಗೆ ಗೊತ್ತಿರುತ್ತದೆ? ಆ ವಾಕ್ಯವನ್ನು ಅವನು ತುಟಿಯೊಳಗೇ ನಾಲ್ಕು ಸಲ ಹೇಳಿ ನೋಡಿದ. ಪ್ರತಿ ಸಲವೂ ಸಲೀಸಾಗಿ ಬಂತು, ಬೆಳಿಗ್ಗೆಯ "ಆಯ್ತಪ್ಪ" ಬಂದ ಹಾಗೆ.

ಮತ್ತೆ ಮೂರು ಸಲ ಹೆಸರು. ಮತ್ತೆ ಬರಿಗಾಲು. ಸರ್ಕಾರಿ ವಕೀಲರು ವೀಳ್ಯದೆಲೆ ಹಾಕಿಕೊಂಡು ಬಂದಿದ್ದರು, ಅದನ್ನು ದವಡೆಗೆ ಸರಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಖಾಲಿ ದಾರಿ ಬಿಟ್ಟು ಆರೋಪಿ ಹುರುಳಿಯ ಮೇಲೆ ಯಾಕೆ ಹತ್ತಿಸಿದ? ಬೋರಲಿಂಗಯ್ಯ, ಗೊತ್ತಿಲ್ಲ ಸ್ವಾಮಿ ಎಂದು ಹೇಳಲು ಬಾಯಿ ತೆಗೆದ. ಎದುರಿಗೆ ಇದ್ರೀಸ್ ಅವನನ್ನು ನೋಡದೆ ಕಿಟಕಿಯಾಚೆ ನೋಡುತ್ತಿದ್ದ, ಏನನ್ನೂ ಕಾಯದವನ ಹಾಗೆ. ಏನನ್ನೂ ಕಾಯದ ಆ ಮುಖವನ್ನು ನೋಡುತ್ತಿದ್ದ ಹಾಗೇ ಬೋರಲಿಂಗಯ್ಯನ ಬಲಗೈ ಕಟಾಂಜನ ಬಿಟ್ಟು ಮೇಲೆದ್ದಿತು. ಭುಜದ ಮಟ್ಟಕ್ಕೆ ಬಂದು, ಅಂಗೈ ಒಳಮುಖವಾಗಿ ಮಡಚಿ, ಎರಡು ಸಲ ಬೀಸಿತು.

"ಹಿಂಗೆ," ಅಂದ.

"ಏನು ಹಿಂಗೆ?" ಅಂದರು ಮ್ಯಾಜಿಸ್ಟ್ರೇಟರು. "ಕೈ ಸನ್ನೆ ಟೈಪ್ ಮಾಡೋಕಾಗಲ್ಲ. ಬಾಯಲ್ಲಿ ಹೇಳಿ."

ಟೈಪು ಮಾಡುವವನ ಬೆರಳುಗಳು ಕೀಲಿಗಳ ಮೇಲೆ ಎತ್ತಿ ನಿಂತಿದ್ದವು. ಕೈ ಇಳಿಸಬೇಕೆಂದುಕೊಂಡ, ಅದು ಅಲ್ಲೇ ನಿಂತಿತ್ತು.

"ನಾನ್ ಕರ್ದೆ ಸ್ವಾಮಿ. ಬಾ ಬಾ, ಮ್ಯಾಕೆ ಹತ್ತಿಸು ಅಂತ. ಅವ್ನು ಅವನ ಪಾಡಿಗೆ ಹೋಗ್ತಿದ್ದ. ಹಿಂದ್ಗಡೆ ದೊಡ್ಡಲಕ್ಷ್ಮಮ್ಮ ಅವ್ರೆ ಅಂತ ನಾನ್ ನೋಡ್ನಿಲ್ಲ."

ಮ್ಯಾಜಿಸ್ಟ್ರೇಟರು ಬರೆಸಿದರು. ಸಾಕ್ಷಿಯು ಕೈಬೀಸಿ ಕರೆದ ಕಾರಣ ಆರೋಪಿಯು ವಾಹನವನ್ನು ಬಲಕ್ಕೆ ತಿರುಗಿಸಿದನೆಂದು ಸಾಕ್ಷಿಯು ನುಡಿಯುತ್ತಾನೆ. ಕಾಗದ ಉರುಳೆಯಿಂದ ಹೊರಬಂತು. ರುಜು ಹಾಕಿದ. ಡೇರಿಯ ಪುಸ್ತಕದಲ್ಲಿ ಹಾಕುವ ಅದೇ ರುಜು, ಅದೇ ಕೊನೆಯ ಗೀಟು. ಇದ್ರೀಸನ ಕೇಸನ್ನು ಹದಿನೆಂಟಕ್ಕೆ ಹಾಕಿದರು. ತೀರ್ಪು ಏನಾಗುತ್ತದೆ ಎಂದು ಹೇಳುವ ಹಾಗಿಲ್ಲ, ಆದರೆ ಎಪ್ಪತ್ತು ಹೋಯಿತು, ಬೇಕೆಂದೇ ಅನ್ನುವುದೂ ಹೋಯಿತು ಎಂದು ಲಕ್ಷ್ಮಯ್ಯನವರು ಜಗಲಿಯಲ್ಲಿ ಇದ್ರೀಸನ ಬೆನ್ನು ತಟ್ಟುತ್ತಿದ್ದರು. ಬೋರಲಿಂಗಯ್ಯನನ್ನು ಕಂಡು, "ನಿಮಗೂ ಒಂದು ನೋಟೀಸು ಬಂದೀತು ಯಜಮಾನ್ರೆ, ಹೆದರಬೇಡಿ," ಅಂದರು. ಇದ್ರೀಸ್ ಏನೋ ಹೇಳಲು ಎರಡು ಹೆಜ್ಜೆ ಮುಂದೆ ಬಂದ. ಬೋರಲಿಂಗಯ್ಯ ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿಬಿಟ್ಟ. ಎದ್ದು ನೋಡುವ ಹೊತ್ತಿಗೆ ಅವನಿರಲಿಲ್ಲ.

ನಾಲ್ಕೂವರೆಯ ಸಾತನೂರು ಬಸ್ಸು ತುಂಬಿತ್ತು. ಅದು ತಪ್ಪಿದರೆ ಏಳರ ತನಕ ಇನ್ನೊಂದಿಲ್ಲ. ಬಾಗಿಲ ಹತ್ತಿರದ ಕಂಬಿ ಹಿಡಿದು ನಿಂತವನನ್ನು ಕಂಡಕ್ಟರ್ ಒಳಗೆ ತಳ್ಳಿ, "ದಾರಿಗಡ್ಡ ನಿಂತ್ಕಬ್ಯಾಡ್ರೀ ಯಜಮಾನ್ರೆ, ಅಲ್ಲೊಂದ್ ಜಾಗ ಐತಲ್ಲ, ಅಕ್ಕನ್ ಪಕ್ಕ, ಕೂತ್ಕಳಿ," ಅಂದ. ಅಕ್ಕ ಮುನಿರತ್ನಮ್ಮ. ಬೇರೆ ಜಾಗವಿರಲಿಲ್ಲ, ಇಡೀ ಬಸ್ಸು ಅವನು ಕೂರುವುದನ್ನೇ ನೋಡುತ್ತಿತ್ತು. ಅವನು ಕೂತ. ಮುನಿರತ್ನಮ್ಮ ಸೆರಗನ್ನು ತನ್ನ ಕಡೆಗೆ ಎಳೆದುಕೊಂಡಳು. ಜಾಗ ಬಿಟ್ಟಳೋ, ಸೋಕಬಾರದೆಂದು ಎಳೆದುಕೊಂಡಳೋ ತಿಳಿಯಲಿಲ್ಲ. ಕಿಟಕಿಯ ಗಾಜಿನಲ್ಲಿ ಅವಳ ಮುಖ ಕಾಣುತ್ತಿತ್ತು, ಅದರ ಮೇಲೆ ಹಿಪ್ಪುನೇರಳೆ ತೋಟಗಳು ಓಡುತ್ತಿದ್ದವು. ಎಷ್ಟೋ ದೂರ ಹೋದ ಮೇಲೆ, ಆ ಕಡೆಗೇ ತಿರುಗಿಕೊಂಡು ಅವಳು, "ಅವ್ವ ಹೋದ್ ಮ್ಯಾಲೂ ಎರ್ಡ್ ವರ್ಸ ನಿಮ್ಮನೇಗೆ ಮುಯ್ಗೆ ಬಂದಿದ್ದೀನಲ್ಲಣ್ಣ," ಅಂದಳು. ಅಷ್ಟೇ. ಗಂಟಿನೊಳಗಿನ ರೊಟ್ಟಿ ತೊಡೆಯ ಮೇಲೆ ಇನ್ನೂ ಗಟ್ಟಿಯಾಗಿ ಒತ್ತುತ್ತಿತ್ತು.

ಒಂದು ಊರಿನ ಗೇಟು ಬಂತು. ಮುಂದೆ ಬಲಗಡೆ ಅರ್ಧ ರಸ್ತೆಗೆ ಹುರುಳಿ ಹಾಸಿದ್ದರು. ಇಳಿಬಿಸಿಲಿಗೆ ಬಳ್ಳಿ ಹೊಂಬಣ್ಣವಾಗಿ ಹೊಳೆಯುತ್ತಿತ್ತು. ಮರದ ಕೆಳಗಿನಿಂದ ಒಬ್ಬ ಎದ್ದು ಬಂದು, ನಗುತ್ತಾ, ಬಸ್ಸಿಗೆ ಕೈ ಬೀಸಿದ. ಡ್ರೈವರ್ ಹಾರ್ನ್ ಒತ್ತಿ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದ. ಚಕ್ರಗಳ ಕೆಳಗೆ ಬಳ್ಳಿ ಚಟಪಟ ಮುರಿಯುವ ಸದ್ದು ಕೇಳಿದ್ದೇ ತಡ, ಬೋರಲಿಂಗಯ್ಯನ ಬಲಗಾಲು ಮುಂದಕ್ಕೆ ಚಾಚಿ ಬ್ರೇಕು ತುಳಿದ ಹಾಗೆ ಬಸ್ಸಿನ ತಗಡಿನ ನೆಲವನ್ನು ಒತ್ತಿತು. ಪಕ್ಕದಲ್ಲಿ ಮುನಿರತ್ನಮ್ಮನ ಕಾಲೂ ಒತ್ತಿ ನಿಂತಿತ್ತು. ಬಸ್ಸು ಬಳ್ಳಿ ದಾಟಿದ ಮೇಲೂ ಇಬ್ಬರೂ ಕಾಲು ತೆಗೆಯಲಿಲ್ಲ.